ಇವತ್ತು ಏನು ಕೊಯ್ದಿರಿ?

ಮುದುಕ ಕಸದ ಬುಟ್ಟಿಯೊಳಗೆ ಮೊಣಕೈವರೆಗೂ ಕೈ ಇಳಿಸಿ ಏನನ್ನೋ ತಡಕಾಡುತ್ತಿದ್ದ. ಅಡುಗೆಮನೆಯ ಬಾಗಿಲಲ್ಲಿ ನಿಂತು ಅವಳು ನೋಡುತ್ತಿದ್ದಳು.

ಕೊನೆಗೂ ಸಿಕ್ಕಿತು. ಒಂದು ಬಾಚಣಿಗೆ. ಬಚ್ಚಲುಮನೆಯ ಕನ್ನಡಿಯ ಕೆಳಗಿದ್ದ ಅದನ್ನು ಆಗಷ್ಟೇ ಅವಳೇ ಎರಡು ಬೆರಳಲ್ಲಿ ಹಿಡಿದು ತಂದು ಎಸೆದಿದ್ದಳು. ಹಲ್ಲುಗಳ ತುಂಬ ಉದ್ದುದ್ದ ಬಿಳಿ ಕೂದಲು, ಬುಡದಲ್ಲಿ ಜಿಡ್ಡು. ಮುದುಕನೋ ಬೋಳುತಲೆಯವನು. ಅದಕ್ಕಂಟಿದ್ದ ಟೀ ಚರಟ ಕೊಡವಿ, ಅಂಗಿಯ ತುದಿಯಲ್ಲಿ ಒರೆಸಿ, ಕೂದಲಿನ ಸಮೇತ ಜೇಬಿಗೆ ಇಳಿಸಿದ. ಅದೇ ಕೈಯಲ್ಲಿ ಬ್ರೆಡ್ಡು ಕತ್ತರಿಸಿ ಅವಳ ತಟ್ಟೆಗೆ ಹಾಕಿದ.

"ತಿನ್ನು ಮಗಳೇ, ಕಾಲೇಜಿಗೆ ಹೊತ್ತಾಗುತ್ತೆ."

ಅವಳು ವೈದ್ಯಕೀಯ ಓದುವ ಹುಡುಗಿ. ಒಂದು ತಿಂಗಳ ಅಂಗರಚನೆಯ ತರಬೇತಿಗೆಂದು ಹೊರದೇಶಕ್ಕೆ ಬಂದಿದ್ದಳು. ಗಾಜಿನ ಕಟ್ಟಡ, ಕನ್ನಡಿಯಂಥ ರಸ್ತೆ ಎಂದು ಅಕ್ಕನ ಮುಂದೆ ಜಂಬ ಕೊಚ್ಚಿಕೊಂಡು ಬಂದವಳಿಗೆ ಗಂಟುಬಿದ್ದದ್ದು ಈ ಮನೆ. ಹೊರಗಿನಿಂದ ಬಂದವರನ್ನು ಊರಿನವರ ಮನೆಗಳಲ್ಲಿ ಇಳಿಸುವುದು ಕಾಲೇಜಿನ ಪದ್ಧತಿ. ಹೆಣ ಕೊಯ್ದು ಕಲಿಯುವವರೇ ಬೇಕೆಂದು ಮುದುಕ ಕೇಳಿ ಕರೆಸಿಕೊಂಡಿದ್ದನಂತೆ.

ಕದ ತೆಗೆದರೆ ಒದ್ದೆ ಕಂಬಳಿಯ ವಾಸನೆ, ಅದರ ಮೇಲೆ ಮುಲಾಮಿನ ಘಾಟು. ನಲ್ಲಿಯ ಪಕ್ಕದ ಲೋಟದಲ್ಲಿ ಹಲ್ಲಿನ ಸೆಟ್ಟು ಮುಳುಗಿ ಕೂತಿರುತ್ತಿತ್ತು. ಮುದುಕ ಸುರ್ ಎಂದು ಸೂಪು ಹೀರುವಾಗ ಅರ್ಧ ಒಳಗೆ ಹೋಗಿ ಅರ್ಧ ಗಡ್ಡದಿಂದ ತೊಟ್ಟಿಕ್ಕುತ್ತಿತ್ತು. ಇದನ್ನೆಲ್ಲ ಹೇಗೋ ಸಹಿಸಬಹುದಿತ್ತು. ಸಂಜೆ ಚೀಲ ಕೆಳಗಿಡುವ ಮೊದಲೇ ಅವನು ಕೇಳುತ್ತಿದ್ದ ಪ್ರಶ್ನೆಯನ್ನಲ್ಲ.

"ಇವತ್ತು ಏನು ಕೊಯ್ದಿರಿ?"

ಮೊದಲ ದಿನ ಸಂಕೋಚದಿಂದಲೇ ಹೇಳಿದಳು, ತೋಳು ಎಂದು.

ಮುದುಕನ ಚಮಚ ಗಾಳಿಯಲ್ಲೇ ನಿಂತಿತು. "ಎಡಗೈಯಾ, ಬಲಗೈಯಾ?"

ಆಮೇಲೆ ಪ್ರಶ್ನೆಗಳಿಗೆ ಕೊನೆಯೇ ಇರಲಿಲ್ಲ. ಅಲ್ಲಿ ತುಂಬಾ ಚಳಿ ಇರುತ್ತಾ? ಮುಖಕ್ಕೆ ಬಟ್ಟೆ ಮುಚ್ಚಿರ್ತಾರಾ? ಕೇಳುವಾಗ ಕುರ್ಚಿಯ ತುದಿಗೆ ಜರುಗುತ್ತಿದ್ದ. ಕಣ್ಣು ಮಿನುಗುತ್ತಿತ್ತು. ಬಾಯಿ ಅರೆತೆರೆದಿರುತ್ತಿತ್ತು.

"ರಣಹದ್ದು ಕಣೇ," ಎಂದಳು ಅಕ್ಕನಿಗೆ ಫೋನಿನಲ್ಲಿ. "ಹೆಣದ ಸುದ್ದಿ ಅಂದ್ರೆ ಸಾಕು, ಬಾಯಲ್ಲಿ ನೀರೂರುತ್ತೆ."

"ಹೆಂಡತಿ ಇಲ್ವೇನೇ ಅವನಿಗೆ?"

"ಕೇಳ್ದೆ. ಪಾಠ ಹೇಳೋಕೆ ಹೋಗಿದಾಳೆ ಅಂದ. ಟೀಚರಂತೆ. ಯಾವುದೋ ಊರಲ್ಲಿ ಕೆಲಸ ಹಿಡಿದು ಪಾರಾಗಿದಾಳೆ, ಪುಣ್ಯಾತ್ಗಿತ್ತಿ."

ಅಕ್ಕ ಬಿದ್ದು ಬಿದ್ದು ನಕ್ಕಳು. "ನೀನು ಮಾತ್ರ ಚಿಲಕ ಹಾಕ್ಕೊಂಡು ಮಲಗು."

ಕಾಲೇಜೇನೂ ಮೇಲಲ್ಲ. ಲ್ಯಾಬಿನ ಔಷಧಿಯ ನಾತ ಎಷ್ಟು ತಿಕ್ಕಿ ತೊಳೆದರೂ ಕೂದಲು ಬಿಡುತ್ತಿರಲಿಲ್ಲ. ಇಡೀ ತಂಡಕ್ಕೆ ಇದ್ದದ್ದು ಒಂದೇ ದೇಹ, ಒಬ್ಬ ಮುದುಕಿಯದು. ಜೊತೆಯವರು ಅದಕ್ಕೆ ಮಹಾರಾಣಿ ಎಂದು ಹೆಸರಿಟ್ಟಿದ್ದರು. ಇಷ್ಟು ಜನ ಸುತ್ತ ನಿಂತು ಸೇವೆ ಮಾಡಿದರೂ ತುಟಿ ಬಿಚ್ಚದವಳು! "ಮಹಾರಾಣಿಯವರ ಮೂಡು ಹೇಗಿದೆ ಇವತ್ತು?" ಎಂದು ಒಬ್ಬ ಕೇಳಿದರೆ ಉಳಿದವರು ಕಿಸಕ್ಕೆನ್ನುತ್ತಿದ್ದರು. ಮೊದಮೊದಲು ಅವಳಿಗೆ ಹೇಸಿಗೆಯಾಯಿತು. ಆಮೇಲೆ ಅವಳೂ ನಕ್ಕಳು. ಬರುಬರುತ್ತಾ ಅವಳ ನಗುವೇ ಎಲ್ಲರಿಗಿಂತ ಜೋರಾಯಿತು.

ತರಬೇತಿ ಮುಗಿಯುತ್ತ ಬಂದಿತ್ತು. ಒಂದು ಸಂಜೆ ಮುದುಕ ಮೂಗೊರೆಸಿದ ಕರವಸ್ತ್ರದಲ್ಲೇ ಅವಳ ಚಮಚ ಒರೆಸಿ ಕೊಟ್ಟ. ಕೊಟ್ಟು, ಸ್ವಲ್ಪ ತಡೆದು ಕೇಳಿದ.

"ಅಲ್ಲಿ, ಕೊಯ್ಯೋವಾಗ... ಯಾರಾದ್ರೂ ನಗ್ತಾರಾ ಮಗಳೇ?"

ಅವಳ ತಾಳ್ಮೆ ಕಿತ್ತುಹೋಯಿತು. ಬೇಕಲ್ಲವೇ ಇವನಿಗೆ? ತಗೊಳ್ಳಲಿ, ಹೊಟ್ಟೆ ತುಂಬ.

"ನಗ್ತೀವಿ ಅಜ್ಜ. ದಿನಾ ನಗ್ತೀವಿ. ಮಹಾರಾಣಿ ಅಂತ ಹೆಸರಿಟ್ಟಿದೀವಿ. ಇವತ್ತು ಮುಖದ ಬಟ್ಟೆ ತೆಗೆದು ಕೆನ್ನೆ ಕೊಯ್ದ್ವಿ. ಒಬ್ಬ ಅವಳ ತುಟಿ ಹಿಡಿದು ಅಲ್ಲಾಡಿಸ್ತಾ ಮಾತಾಡಿಸ್ದ. ನಕ್ಕು ನಕ್ಕು ನನಗೆ ಕಣ್ಣಲ್ಲಿ ನೀರೇ ಬಂತು. ಸಾಕಾ?"

ಮುಖಕ್ಕೆ ಇನ್ನೂ ಯಾರೂ ಕೈ ಹಚ್ಚಿರಲಿಲ್ಲ. ಅದು ಅವಳು ಆ ಕ್ಷಣಕ್ಕೆ ಕಟ್ಟಿದ ಮಾತು.

ಮುದುಕ ಕರವಸ್ತ್ರ ಮಡಿಸಿ ಜೇಬಿಗಿಟ್ಟ. ಎದ್ದು, ಗೋಡೆ ಹಿಡಿದುಕೊಂಡು ಒಳಗೆ ಹೋದ. ಆ ಮನೆಗೆ ಬಂದ ಮೇಲೆ ಮೊದಲ ಸಲ ಅವಳು ನೆಮ್ಮದಿಯಾಗಿ ಉಂಡಳು.

ಮರುದಿನ ಪಾಠ ಶುರುವಾಗುವ ಹೊತ್ತಿಗೆ ಲ್ಯಾಬಿನ ಬಾಗಿಲಲ್ಲಿ ಮುದುಕ ನಿಂತಿದ್ದ. ಗಡ್ಡ ಬೋಳಿಸಿದ್ದ. ಇಸ್ತ್ರಿ ಮಾಡಿದ ಕೋಟು, ಕತ್ತಿನವರೆಗೂ ಹಾಕಿದ ಗುಂಡಿ, ಮದುವೆಗೆ ಹೊರಟವನ ಹಾಗೆ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಕೇಳಿ ಚಪ್ಪರಿಸಿದ್ದು ಸಾಲದೆ ಕಣ್ಣಾರೆ ನೋಡುವುದಕ್ಕೂ ಬಂದಿದ್ದಾನೆ!

ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತಳು. "ಇವರನ್ನ ಒಳಗೆ ಬಿಡಬೇಡಿ ಮೇಡಂ. ಇವರಿಗೆ ಹೆಣದ ಚಟ."

ಪಾಠ ಮಾಡುವ ಮೇಡಂ ಅವಳ ಕಡೆ ನೋಡಲಿಲ್ಲ. ಕೈಗವಸು ಕಳಚಿದರು. ಎಲ್ಲರಿಗೂ ಗೋಡೆಯತ್ತ ಸರಿಯಲು ಸನ್ನೆ ಮಾಡಿದರು. ಮೇಜಿನ ಮೇಲಿನ ಬಿಳಿ ಹೊದಿಕೆಯನ್ನು ಗಲ್ಲದವರೆಗೆ ಎಳೆದು, ಸುಕ್ಕು ನೀವಿ, ಮುಖದ ಬಟ್ಟೆಯನ್ನು ಮೆಲ್ಲಗೆ ಸರಿಸಿದರು. ಆಮೇಲೆ ಮುದುಕನ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಅಂದರು:

"ಬನ್ನಿ ಸಾರ್. ನಿಮ್ಮ ಮನೆಯವರು ಇಲ್ಲೇ ಇದ್ದಾರೆ."