ದುರಗವ್ವನ ಮೂಗು

ಹುಟ್ಟಿದ ಮೂರು ವರ್ಷದೊಳಗೆ ಕೂಸು ಯಾರ ಮುಖವನ್ನು ಹೆಚ್ಚು ನೋಡುತ್ತದೋ ಅವರ ಮುಖವೇ ಅದಕ್ಕೆ ಬರುತ್ತಿತ್ತು. ಹಾಗಾಗಿ ಹುಬ್ಬಳ್ಳಿಯಲ್ಲಿ ಆಯಾ ಹುಡುಕುವುದೆಂದರೆ ಹೆಣ್ಣು ನೋಡುವಷ್ಟೇ ರಗಳೆ. ಬಸ್ ಕಂಡಕ್ಟರ್ ಪ್ರಭಾವತಿಯ ಹೆರಿಗೆ ರಜೆ ನಾಳೆಗೆ ಮುಗಿಯುತ್ತಿತ್ತು. ಓಣಿಯ ಡೇ ಕೇರ್ ನೋಡಿ ಬಂದಿದ್ದಳು. ಅಲ್ಲಿ ನಲವತ್ತು ಮಕ್ಕಳಿಗೂ ಅಲ್ಲಿನ ಮೇಡಮ್ಮನದೇ ಮುಖ. ಸಂಜೆ ತಾಯಂದಿರು ಅಂಗಿಯ ಮೇಲಿನ ಹೆಸರು ಓದಿ ತಮ್ಮ ಮಗುವನ್ನು ಎತ್ತಿಕೊಳ್ಳುತ್ತಿದ್ದರು. ಹೆದರಿ, ಆಯಾ ಕೆಲಸಕ್ಕೆಂದು ದುರಗವ್ವನನ್ನು ಮನೆಗೆ ಕರೆಸಿದಳು.

ಅತ್ತೆ ಗಂಗಕ್ಕ ದುರಗವ್ವನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದರು.

"ಸುಟ್ಟ ಬದನಿಕಾಯಿ ಇದ್ದಂಗ ಐತಿ ಮೂಗು. ನಾಳೆ ನನ್ನ ಮೊಮ್ಮಗಳಿಗೆ ವರ ಹುಡ್ಕಾಕ ನೀ ಬರ್ತೀಯೇನ?"

"ಅತ್ತಿ, ಸಾಕ್ ಮಾಡ್ರಿ!"

"ನೀ ಬಾಯಿ ಮುಚ್ಚು. ಕೂಸು ಬಿಟ್ಟು ಟಿಕೆಟ್ ಹರಿಯಾಕ ಹೊಂಟಾಕಿ ನೀನ."

ದುರಗವ್ವ ಶಾಂತವಾಗಿಯೇ ಹೇಳಿದಳು. "ನಾ ಆಡಿಸಿ ಬೆಳೆಸಿದ, ಇದ ಮೂಗಿನ ಐದು ಮಂದಿ ಊರಾಗ ಅದಾರ್ರಿ ಯವ್ವಾ. ಎಲ್ಲಾರೂ ಚಲೋ ಉಸಿರಾಡ್ತಾರ."

ಜಗಳದ ಸದ್ದಿಗೆ ತೊಟ್ಟಿಲಲ್ಲಿ ಕೂಸು ಚೀರಿತು. ಹತ್ತಿರವಿದ್ದ ದುರಗವ್ವ ಎತ್ತಿಕೊಳ್ಳುವ ಮೊದಲು ತಲೆಯ ಮೇಲಿನ ಸೆರಗನ್ನು ಗದ್ದದ ತನಕ ಎಳೆದುಕೊಂಡಳು. ಬಟ್ಟೆಯೊಳಗಿಂದಲೇ ಜೋಗುಳ ಹಾಡಿದಳು. ಹಾಡುವ ಬಾಯಿ ಎಲ್ಲಿದೆಯೆಂದು ಕೂಸು ಸೆರಗನ್ನು ತಡವಿತು.

"ಮೂರು ವರ್ಷ ಹಿಂಗ ಇರ್ತೀನ್ರಿ," ಎಂದಳು ಒಳಗಿನಿಂದ. "ಕೂಸಿಗೆ ನಿಮ್ಮ ಮಾರಿನ ಬರ್ಲಿ."

"ಹಂಗಾದ್ರ ಅಡ್ಡಿಯಿಲ್ಲ," ಎಂದರು ಗಂಗಕ್ಕ.

ಪ್ರಭಾವತಿ ಅತ್ತೆಯ ಕಡೆ ತಿರುಗಿಯೂ ನೋಡಲಿಲ್ಲ. ಎದ್ದು ಹೋಗಿ, ಆ ಸೆರಗನ್ನು ಮೆಲ್ಲಗೆ ಸರಿಸಿ ದುರಗವ್ವನ ಹೆಗಲಿಗೆ ಹಾಕಿದಳು.

"ನೋಡ್ಲಿ ಬಿಡ್ರಿ," ಎಂದಳು.