ತಲೆಗೆ ಹಚ್ಚುವ ಎಣ್ಣೆ

ಹಿಟ್ಟಿನ ಕೋಲು ಪಾತ್ರೆಯಲ್ಲಿ ಅರ್ಧ ಸುತ್ತು ತಿರುಗಿತ್ತಷ್ಟೆ, ನಡುಮನೆಯಿಂದ ಕೂಗು ಬಂತು.

"ಅಂಜಮ್ಮಾ, ಬೇಗ ಬಾರೇ! ಬೆಳಕು ಹೋಗ್ತದೆ!"

ಈಗ ಎದ್ದರೆ ಮುದ್ದೆ ಗಂಟುಗಂಟಾಗುತ್ತದೆ. ಆದರೆ ಆಗಲಿ. ಅಂಜಮ್ಮ ಸೆರಗಿಗೆ ಕೈ ಒರೆಸಿಕೊಂಡು, ಹೋಗುತ್ತ ಹೋಗುತ್ತಲೇ ಜಡೆ ಬಿಚ್ಚಿದಳು.

ಕೂಗಿದವನು ಅವಳ ಗಂಡ ಕದಿರೇಶ. ಶ್ರೀನಿವಾಸಪುರದ ಆ ಬೀದಿಯಲ್ಲಿ ಬಿ.ಎ. ದಾಟಿದವನು ಅವನೊಬ್ಬನೇ, ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದ. ಬೇಸಿಗೆ ರಜಕ್ಕೆ ಅವನ ಮೇಷ್ಟ್ರು ವಿಚಿತ್ರ ಕೆಲಸ ಕೊಟ್ಟು ಕಳಿಸಿದ್ದರು. ಒಬ್ಬೊಬ್ಬ ವಿದ್ಯಾರ್ಥಿ ಒಂದೊಂದು ಸ್ವದೇಶಿ ಸರಕಿಗೆ ಲೇಬಲ್ ಮಾಡಿ ತರಬೇಕು: ಒಂದು ಚಿತ್ರ, ಅದರ ಕೆಳಗೆ ಜನರ ಮನಸ್ಸು ಸೆಳೆಯುವ ಮಾತು. ಯಾರಿಗೆ ಯಾವ ಸರಕೆಂದು ಚೀಟಿ ಎತ್ತಿಸಿದ್ದರಂತೆ. ಒಬ್ಬನಿಗೆ ಸೋಪು ಬಂತು, ಇನ್ನೊಬ್ಬನಿಗೆ ಅತ್ತರು. "ನಿನಗೇನೋ ಬಂತು?" ಎಂದು ಅಕ್ಕ ಕೇಳಿದಾಗ ಕದಿರೇಶ ಎಂಜಲು ನುಂಗಿ, "ತಲೆಗೆ ಹಚ್ಚೋ ಎಣ್ಣೆ" ಎಂದಿದ್ದ. ಗೆದ್ದ ಲೇಬಲನ್ನು ಕಂಪನಿಯವರು ಅಚ್ಚು ಹಾಕಿಸುತ್ತಾರೆ. ಕೋಲಾರ, ಮಾಲೂರು, ಮುಳಬಾಗಿಲು, ಎಲ್ಲ ಊರಿನ ಅಂಗಡಿಯಲ್ಲೂ ಆ ಚಿತ್ರ ಕೂರುತ್ತದೆ.

ಜರ್ಮನಿಯವರ ಯುದ್ಧ ಎಲ್ಲೋ ದೂರದಲ್ಲಿ ನಡೆಯುತ್ತಿತ್ತು. ಈ ಮನೆಯದು ಅಂದೇ ನಡುಮನೆಯಲ್ಲಿ ಶುರುವಾಯಿತು. ಲೇಬಲ್ಲಿನ ಮೇಲೆ ಯಾರ ಮುಖ?

ಕದಿರೇಶನ ಅಕ್ಕ ಗಂಗರತ್ನಮ್ಮ ಮಾವಿನಕಾಯಿ ಉಪ್ಪಿನಕಾಯಿ ಹಾಕುವ ನೆಪದಲ್ಲಿ ಗೌನಿಪಲ್ಲಿಯಿಂದ ತವರಿಗೆ ಬಂದವಳು, ಉಪ್ಪಿನಕಾಯಿ ಮುಗಿದು ಎಷ್ಟೋ ದಿನವಾದರೂ ಹೊರಟಿರಲಿಲ್ಲ. ಅವಳಿಗೂ ಸೊಂಟದಿಂದ ಕೆಳಗಿಳಿಯುವ ಕೂದಲು.

"ಲೇ ಕದಿರೇಶ, ಗೌನಿಪಲ್ಲಿಯೋರು ನನ್ನ ಜಡೇನ ಬಾವಿ ಹಗ್ಗ ಅಂತಾರೆ ಕಣೋ. ಇವಳ ಮುಖ ಹಾಕಿದ್ರೆ ಜನ ಎಣ್ಣೆ ಅಲ್ಲ, ಇದ್ದಿಲು ಮಾರ್ತಾವ್ನೆ ಅಂತಾರೆ."

"ಇದ್ದಿಲಾದ್ರೆ ಒಲೆಗಾದ್ರೂ ಬರ್ತದೆ ಅತ್ತಿಗೆ," ಎಂದಳು ಅಂಜಮ್ಮ. "ಬಾವಿ ಹಗ್ಗ ಬಾವಿ ಹತ್ರ ಇದ್ರೇ ಚೆಂದ."

"ನೋಡ್ದೇನೋ ಬಾಯಿ! ಸಾಕು, ಸಾಕು, ಇನ್ನು ನೀನೇ ಹೇಳು."

ಕದಿರೇಶ ಅಕ್ಕನಿಗೆ ಹೆದರುವವನು. ಹೆಂಡತಿಗೂ ಹೆದರತೊಡಗಿದ್ದ. "ಮುಖ ಯಾರ್ದಾದ್ರೂ ಆಗ್ಲಿ. ಕೂದಲು ಕಾಡು ಇದ್ದಂಗಿರ್ಬೇಕು, ಅಷ್ಟೆ," ಎಂದು ಜಾರಿಕೊಂಡ. ಮಾರನೆಯ ದಿನ ಬೆಳಿಗ್ಗೆ ಗಂಗರತ್ನಮ್ಮ ಏಳುವ ಮೊದಲೇ ಅಂಜಮ್ಮ ಕಿಟಕಿಯ ಬಳಿ ಹೋಗಿ ಕೂತಿದ್ದಳು. ಗೆದ್ದಳು.

ಕದಿರೇಶನ ಸ್ಫೂರ್ತಿ ಸುಲಭಕ್ಕೆ ಬರುವಂಥದ್ದಲ್ಲ. ತಲೆಗೆ ಒದ್ದೆ ಬಟ್ಟೆ ಸುತ್ತಿಕೊಂಡು ತೊಲೆ ನೋಡುತ್ತ ಅಂಗಾತ ಬಿದ್ದಿರುವನು. ಪೆನ್ಸಿಲು ಕಚ್ಚುವನು. ಒಂದು ಸಾಲು ಹೆರಲು ಒಂದು ಬುಟ್ಟಿ ಮಾವು ಬೇಕಾಗುತ್ತಿತ್ತು. ಬಾಣಂತನವೆಲ್ಲ ಅಂಜಮ್ಮನದು.

"ಇದು ಕೇಳು: 'ಬುಡಕ್ಕೇ ಇಳಿದು ಕೆಲಸ ಮಾಡುತ್ತದೆ.' ಹೇಗಿದೆ?"

"ಚೆನ್ನಾಗಿದೆ ರೀ."

"ಇದು? 'ನಿಮಗಷ್ಟೇ ಅಲ್ಲ, ಮಗ್ಗುಲಲ್ಲಿ ಮಲಗುವವರಿಗೂ ಸುಖನಿದ್ದೆ.'"

ಅಂಜಮ್ಮನ ಕಿವಿ ಕೆಂಪಾದವು. ಗಂಡಸರು ಓದಿದರೆ ಹೀಗೂ ಮಾತಾಡುವರೇ?

ಮದುವೆಯಾದಾಗಿನಿಂದ ಅವನು ಹಗಲು ಬೆಳಕಿನಲ್ಲಿ ಅವಳನ್ನು ಸರಿಯಾಗಿ ನೋಡಿದ್ದೇ ಇಲ್ಲ. ರಜಕ್ಕೆ ಬಂದರೆ ಪುಸ್ತಕ, ಹೋದರೆ ಮೈಸೂರು. ಈಗ ನೋಡುತ್ತಿದ್ದ. ಪೆನ್ಸಿಲಿನ ತುದಿಯಿಂದ ಕಿವಿಯ ಹಿಂದಿನ ಕೂದಲೆತ್ತಿ, ಕತ್ತಿನ ಸಂದಿಯಲ್ಲಿ ಇಣುಕಿ, "ಅಬ್ಬಾ, ಎಂಥಾ ಜಾಗ!" ಎಂದು ತನ್ನಷ್ಟಕ್ಕೇ ಗೊಣಗುತ್ತಿದ್ದ. ಬಾಚಣಿಗೆ ತಗೊಂಡರೆ ಕಸಿದುಕೊಳ್ಳುವನು: "ಬಾಚ್ಬೇಡ, ಸಿಕ್ಕಿರ್ಲಿ, ಸಿಕ್ಕೇ ಬೇಕು." ಎರಡೂ ಕೈ ಎತ್ತಿಸಿ ಬೆರಳುಗಳನ್ನು ಕೂದಲೊಳಗೆ ಇರಿಸಿದ. ಹುಬ್ಬು ಗಂಟಿಕ್ಕಿಸಿದ. ಆವನಿಯ ಗುಡಿಯ ಕಂಬಗಳಲ್ಲಿ ಹೀಗೆ ಕೈಯೆತ್ತಿ ನಿಂತ ಹೆಂಗಸರನ್ನು ಅಂಜಮ್ಮ ಕಂಡಿದ್ದಳು. ತೋಳು ಸೆಳೆಯುತ್ತಿತ್ತು, ಆದರೂ ಕೈ ಇಳಿಸಲಿಲ್ಲ. ಈ ಮನೆಯಲ್ಲಿ ಇದ್ದಿಲು ಎನಿಸಿಕೊಂಡವಳ ಮುಖ ಊರೂರ ಅಂಗಡಿಯಲ್ಲಿ ಕೂರಬೇಕು. ಅದನ್ನು ಗಂಡ ಬರೆದಿರಬೇಕು.

ಇವತ್ತು ಅವನು ಹಾಳೆಯನ್ನು ತಿರುಗಿಸಿ ಅವಳ ಮುಂದೆ ಹಿಡಿದ. "ಮುಗೀತು. ಅಕ್ಕಂಗೆ ತೋರಿಸ್ಬೇಡ, ಆಡ್ಕೊಳ್ತಾಳೆ. ನೀನೊಬ್ಳೇ ನೋಡು."

ಅಂಜಮ್ಮ ನೋಡಿದಳು. ಅಕ್ಷರಗಳನ್ನು ಕೂಡಿಸಿಕೊಂಡು ನಿಧಾನವಾಗಿ ಓದಿದಳು.

"ಯಾರು ನೋಡಿದ್ರೂ ನಾನೇ ಅಂತ ಗೊತ್ತಾಗ್ತದಾ?"

"ಕಣ್ಣಿಗೆ ಹೊಡೆದಂಗೆ ಗೊತ್ತಾಗ್ತದೆ! ನಾಳೆ ಇನ್ನೊಂದ್ಸಲ ಕೂತ್ಕೊ, ನಿನ್ನ ಮುಖಕ್ಕೆ ಮಸಿ ಹಾಕಿದ್ರೆ ಆಯ್ತು."

"ಮುಖ ಇನ್ನೂ ಅಳಿಸ್ಬಹುದಾ?"

"ಪೆನ್ಸಿಲ್ ಅಲ್ವಾ, ಅಳಿಸ್ಬಹುದು. ಯಾಕೆ?"

"ಸುಮ್ನೆ ಕೇಳ್ದೆ."

ಅಡುಗೆಮನೆಗೆ ಬಂದು ಮತ್ತೆ ಕೋಲು ಹಿಡಿದಳು. ಕಣ್ಣಲ್ಲಿ ನೀರು ಬಂತು. ಹೊಗೆ ಇತ್ತು, ನೆಪ ಬೇಕಾಗಲಿಲ್ಲ. ಗಂಟುಗಳನ್ನು ಒಂದೊಂದಾಗಿ ಒಡೆದು ಮುದ್ದೆ ಕಟ್ಟಿಟ್ಟು, ಮುಖ ತೊಳೆದು, ತಲೆ ಬಾಚಿ ಬಿಗಿಯಾಗಿ ತುರುಬು ಹಾಕಿಕೊಂಡಳು. ಆಮೇಲೆ ಗಂಗರತ್ನಮ್ಮ ಕೂದಲು ಹರವಿ ಕೂತಿದ್ದ ಜಗಲಿಗೆ ಬಂದಳು.

"ಅತ್ತಿಗೆ, ಯೋಚನೆ ಮಾಡ್ದೆ. ನಿಮ್ಮ ಕೂದಲಿನ ಮುಂದೆ ನಂದೆಲ್ಲಿ? ನಾಳೆ ನೀವೇ ಕೂತ್ಕೊಳ್ಳಿ."

ಗಂಗರತ್ನಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಈಗ ಬಂತಾ ಬುದ್ಧಿ? ಯಾಕೆ, ಏನಾಯ್ತು?"

"ಏನಿಲ್ಲ ಅತ್ತಿಗೆ. ಹಿರಿಯರಿಗೆ ಸಲ್ಲಬೇಕಾದ್ದು ಹಿರಿಯರಿಗೇ ಸಲ್ಲಬೇಕು. ಗೌನಿಪಲ್ಲಿಗೂ ಈಗಲೇ ಹೇಳಿ ಕಳಿಸಿ, ಎಲ್ಲರೂ ಅಂಗಡಿಗೆ ಹೋಗಿ ನೋಡ್ಲಿ."

ಗಂಗರತ್ನಮ್ಮ ಉಬ್ಬಿಹೋದಳು. ಅಂಜಮ್ಮ ಊಟಕ್ಕೆ ಎಲೆ ಹಾಕಲು ಒಳಗೆ ಹೋದಳು. ಅವಳು ಕಂಡದ್ದನ್ನು ಅಂದೂ ಬಾಯಿಬಿಡಲಿಲ್ಲ, ಮುಂದೆಯೂ ಬಿಡಲಿಲ್ಲ.

ಹಾಳೆಯ ಮೇಲೆ, ಎರಡೂ ಕೈಯಲ್ಲಿ ತಲೆ ಕೆರೆದುಕೊಳ್ಳುತ್ತಿದ್ದ ಹೆಂಗಸಿನ ಚಿತ್ರದ ಕೆಳಗೆ, ಕದಿರೇಶ ಮುತ್ತಿನಂಥ ಅಕ್ಷರಗಳಲ್ಲಿ ಬರೆದಿದ್ದ: "ಹೇನು, ಸೀರು, ವಂಶಸಮೇತ ನಿರ್ನಾಮ."