ಇಳಿಜಾರಿನ ಗಂಟೆ

ಟಿ.ವಿ.ಯಲ್ಲಿ ಸ್ಕೀಗಾರ ಹಿಮದ ಇಳಿಜಾರಿಗೆ ಧುಮುಕಿದ್ದೇ ತಡ, ನಳಿನಿಯ ಕೈ ಅಭ್ಯಾಸಬಲದಿಂದ ಶಾಲನ್ನು ಕಣ್ಣಿನ ಮೇಲೆ ಎಳೆದುಕೊಂಡಿತು. ಪಕ್ಕದಲ್ಲಿ ಗಂಡ ಶ್ರೀಕಂಠ ದೇವರ ಮನೆಯ ಗಂಟೆ ಹಿಡಿದು ಸೋಫಾದ ತುದಿಗೆ ಬಂದು ಕೂತಿದ್ದ.

ತೊಂಬತ್ತೇಳರಲ್ಲಿ ದೇಶ ಬಿಟ್ಟು ಈ ಕ್ಯಾಂಟನ್ ಊರಿಗೆ ಬಂದಾಗಿನಿಂದ ಪ್ರತಿ ಜನವರಿ ಹೀಗೇ. ಆಸ್ಟ್ರಿಯಾದ ಕಿಟ್ಸ್‌ಬ್ಯೂಲ್ ರೇಸ್ ಅಂದರೆ ಅವನಿಗೆ ಹಬ್ಬ. ಅಲ್ಲಿನ ಅಭಿಮಾನಿಗಳು ಬಾರಿಸುವುದು ಹಸುವಿನ ಕೊರಳ ಗಂಟೆಯಾದರೆ ಇವನದು ಪೂಜೆಯ ಗಂಟೆ. ಸ್ಕೀಗಾರ ಬೀಳದೆ ಗುರಿ ಮುಟ್ಟಿದಾಗ ಅದು ಮೊಳಗುತ್ತಿತ್ತು. ಆಮೇಲಷ್ಟೇ ನಳಿನಿ ಕಣ್ಣು ಬಿಡುತ್ತಿದ್ದಳು. ಯಾರದೋ ಮಗ ಬೀಳುವುದನ್ನು ನೋಡುವ ಧೈರ್ಯ ಅವಳಿಗಿರಲಿಲ್ಲ. "ಪುಕ್ಕಲಿ" ಎಂದು ಅವನು ನಗುತ್ತಿದ್ದ.

ಕಳೆದ ಬೇಸಿಗೆಯಲ್ಲಿ ಸಕ್ಕರೆ ಕಾಯಿಲೆ ಅವನ ದೃಷ್ಟಿಯನ್ನೇ ಕಸಿದುಕೊಂಡಿತ್ತು. ಈಗ ಗಂಟೆ ಯಾವಾಗ ಬಾರಿಸಬೇಕೆಂದು ಅವನಿಗೆ ತಿಳಿಯುವಂತಿರಲಿಲ್ಲ. ಟಿ.ವಿ.ಯಲ್ಲಿ ಜನ ಹೋ ಎಂದು ಅರಚಿದರು. ಕಾಮೆಂಟರಿ ಅದರಲ್ಲಿ ಮುಳುಗಿಹೋಯಿತು. ಗೆದ್ದರೂ ಬಿದ್ದರೂ ಅದೇ ಅರಚಾಟ.

"ಏನಾಯ್ತೇ? ಬಿದ್ನಾ?" ಅವನು ಗಂಟೆಯ ನಾಲಿಗೆಯನ್ನು ಬೆರಳಿನಿಂದ ಒತ್ತಿ ಹಿಡಿದಿದ್ದ.

ನಳಿನಿ ಶಾಲು ಕೆಳಗಿಳಿಸಿದಳು. ಸ್ಕೀಗಾರ ಬೇಲಿಯ ಅಂಚಿನಲ್ಲಿ ಒಂದೇ ಕಾಲ ಮೇಲೆ, ಇನ್ನೇನು ಬಿದ್ದ ಎನ್ನುವಂತೆ ವಾಲಿದ್ದ. ಅವಳು ಕಣ್ಣು ಮುಚ್ಚಲಿಲ್ಲ.

"ಇಲ್ಲ ರೀ... ಸುಧಾರಿಸ್ಕೊಂಡ... ಬರ್ತಿದಾನೆ... ಬಂದ! ಬಾರಿಸಿ!"

ಅವನು ಬಾರಿಸಲಿಲ್ಲ. ಗಂಟೆಯನ್ನು ತೊಡೆಯ ಮೇಲಿಟ್ಟು, ತಡಕಾಡಿ ಅವಳ ಕೈ ಹಿಡಿದುಕೊಂಡ.

"ಇಷ್ಟು ವರ್ಷ ಕಣ್ಣು ಮುಚ್ಕೊಂಡು ಹೆಂಗೆ ಕೂತಿರ್ತಿದ್ದೆ ಕಣೇ ನೀನು?"